ಅರಿಯೆನೆಂದ ಉಪಾಧ್ಯಾಯರು: ಅಂತರರಾಷ್ಟ್ರೀಯ ಶಾಲೆಗಳಲ್ಲಿ ಬೋಧಕರ ತೆರೆದಿರುವಿಕೆ ಮತ್ತು ಪರಸಂಸ್ಕೃತಿಯ ಅರಿವು

ನಮ್ಮ ಸೆಮಿನರಿಗಳಲ್ಲಿ ಬಿ.ಡಿ. ಪದವಿ ಮುಗಿಸಿದವರೆಲ್ಲರೂ ಸಭಾಪಾಲನೆಗೇ ಹೋಗುವರೆಂಬ ಕಾಲ ಈಗಿಲ್ಲ. ಕೆಲವರು ಆಸ್ಪತ್ರೆಗಳಿಗೆ, ಕೆಲವರು ಸೇವಾಸಂಸ್ಥೆಗಳಿಗೆ, ಇನ್ನು ಕೆಲವರು ಬೆಟ್ಟದೂರುಗಳಲ್ಲಿಯೂ ಬೆಂಗಳೂರಿನ ಹೊರವಲಯದಲ್ಲಿಯೂ ಇರುವ ಅಂತರರಾಷ್ಟ್ರೀಯ ಶಾಲೆಗಳಿಗೆ ಚಾಪ್ಲಿನ್‌ಗಳಾಗಿಯೋ ನೀತಿಬೋಧೆಯ ಉಪಾಧ್ಯಾಯರಾಗಿಯೋ ಸೇರುತ್ತಾರೆ. ಮಂಗಳೂರು, ಉಡುಪಿ ಕಡೆಯ ಸಭೆಗಳಿಂದ ಕೊಲ್ಲಿ ದೇಶಗಳ ಶಾಲೆಗಳಿಗೆ ಪಾಠ ಹೇಳಲು ಹೋದವರಂತೂ ಬಹಳ ಮಂದಿ. ಅವರು ರಜೆಯಲ್ಲಿ ಊರಿಗೆ ಬಂದಾಗ ಸಭಾಪಾಲಕರ ಮುಂದೆ ಹೇಳಿಕೊಳ್ಳುವ ಸಂಕಟಗಳಲ್ಲಿ ಒಂದಕ್ಕೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ. ಅದನ್ನು ಇಲ್ಲಿ ಬಿಡಿಸಿ ನೋಡಲು ಯತ್ನಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ ಒಬ್ಬ ಸಹೋದರಿ ಇಂಥ ಒಂದು ವಸತಿಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ಬೋಧಿಸುತ್ತಿದ್ದರು. ತಪ್ಪಿಹೋದ ಮಗನ ಸಾಮ್ಯ. ಹಿರಿಯ ಮಗನೆಂದರೆ ಫರಿಸಾಯರು, ಸ್ವನೀತಿಯಲ್ಲಿ ಗಟ್ಟಿಯಾದ ಹೃದಯದವರು ಎಂದು ಟಿಪ್ಪಣಿ ಬರೆದುಕೊಂಡು ಹೋಗಿದ್ದರು. ನಾವು ಅವರಿಗೆ ಕಲಿಸಿದ್ದೂ ಅದನ್ನೇ. ಕೊರಿಯಾ ದೇಶದ ಒಬ್ಬ ಹುಡುಗ ಎದ್ದು ನಿಂತು, ತಂದೆತಾಯಿಗಳನ್ನು ಕಡೆಯ ತನಕ ನೋಡಿಕೊಳ್ಳುವ ಹೊರೆ ತನ್ನ ಮನೆಯಲ್ಲಿ ಹಿರಿಯ ಮಗನದೆಂದೂ, ಹೊಲದಲ್ಲಿ ದುಡಿಯುತ್ತಿದ್ದವನನ್ನು ಕರೆಯಿಸದೆಯೇ ಔತಣವನ್ನು ಆರಂಭಿಸಿದ ತಂದೆ ತಪ್ಪು ಮಾಡಿದನೆಂದೂ ಹೇಳಿದನು. ಸಹೋದರಿಯವರು ಪುಸ್ತಕದತ್ತ ನೋಡಿದರು. ನಿಜವೇ. 25ನೆಯ ವಚನದಿಂದ ಮುಂದೆ ಓದಿದರೆ ಹಿರಿಯ ಮಗನು ಮನೆಯ ಬಳಿಗೆ ಬಂದು ವಾದ್ಯದ ಸದ್ದನ್ನು ಕೇಳಿ ಒಬ್ಬ ಆಳನ್ನು ವಿಚಾರಿಸಿ ಸಂಗತಿಯನ್ನು ತಿಳಿಯಬೇಕಾಯಿತು. ಅವನಿಗೆ ಯಾರೂ ಹೇಳಿ ಕಳುಹಿಸಿದಂತೆ ಕಾಣುವುದಿಲ್ಲ. ಎಷ್ಟೋ ಸಲ ಓದಿದ ಭಾಗದಲ್ಲಿ ಇದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಮಗೂ ಬಿದ್ದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅವರು ತರಗತಿಗೆ, "ನನಗೆ ಇದು ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯ ಮಗನೆಂದರೆ ಏನೆಂದು ಹೇಳಿ, ನಾನು ಕಲಿಯುತ್ತೇನೆ" ಎಂದರು. ಉಳಿದ ಅರ್ಧ ಗಂಟೆ ಹುಡುಗರೇ ಮಾತಾಡಿದರು. ಬೆಂಗಳೂರಿನ ವ್ಯಾಪಾರಿ ಮನೆತನದ ಒಬ್ಬನು, ತಂದೆ ಬದುಕಿರುವಾಗಲೇ ಪಾಲು ಕೇಳುವುದೆಂದರೆ ತಮ್ಮಲ್ಲಿ ಮಾತುಕತೆಯೇ ನಿಂತುಹೋಗುವ ಸಂಗತಿಯೆಂದು ವಿವರಿಸಿದನು.

ಆ ದಿನ ಹಿಂದಿನ ಬೆಂಚಿನಲ್ಲಿ ಪರಿವೀಕ್ಷಣೆಗೆ ಕುಳಿತಿದ್ದವರು ಬರೆದ ವರದಿಯಲ್ಲಿ, ವಿಷಯದ ಮೇಲೆ ಹಿಡಿತ ಸಾಲದು ಎಂಬ ಒಂದು ವಾಕ್ಯವಿತ್ತು. ಅದೇ ತಿಂಗಳಲ್ಲಿ ಹೊರದೇಶದಿಂದ ನೇಮಕವಾಗಿ ಬಂದಿದ್ದ ಮತ್ತೊಬ್ಬ ಉಪಾಧ್ಯಾಯರು ಇತಿಹಾಸದ ತರಗತಿಯಲ್ಲಿ ದೇಶವಿಭಜನೆಯ ಕುರಿತು ತಮಗೆ ಹೆಚ್ಚು ತಿಳಿಯದು, ವಿದ್ಯಾರ್ಥಿಗಳೇ ಹೇಳಬೇಕು ಎಂದಿದ್ದರು. ಸಿಬ್ಬಂದಿಯ ಸಭೆಯಲ್ಲಿ ಅದನ್ನು ಮುಕ್ತಮನಸ್ಸಿನ ಮಾದರಿ ಎಂದು ಹೊಗಳಲಾಯಿತು. ಸಹೋದರಿಯವರ ಪತ್ರದಲ್ಲಿ ದೂರಿನ ಧ್ವನಿಯಿರಲಿಲ್ಲ, ಒಂದು ಪ್ರಶ್ನೆ ಮಾತ್ರ ಇತ್ತು. ಬಲಹೀನತೆಯಲ್ಲಿಯೇ ಬಲವು ಪೂರ್ಣವಾಗುವುದೆಂದು ನೀವು ನಮಗೆ 2 ಕೊರಿಂಥ 12ನ್ನು ಬೋಧಿಸಿದಿರಿ. ಅದು ಯಾರ ಬಲಹೀನತೆ?

ಈ ಪ್ರಶ್ನೆಯನ್ನು ಅರಿಯಬೇಕಾದರೆ ಈ ಶಾಲೆಗಳು ಎಂಥವೆಂಬುದನ್ನು ಸ್ವಲ್ಪ ತಿಳಿದಿರಬೇಕು. ಅಂತರರಾಷ್ಟ್ರೀಯ ಶಾಲೆ ಎಂಬ ಮಾತಿಗೆ ಎರಡು ಮೂಲಗಳಿವೆ. ಒಂದು ಜಿನೀವಾ: ರಾಷ್ಟ್ರಸಂಘದ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಅಲ್ಲಿ ಒಂದು ಶಾಲೆ ತೆರೆಯಿತು, ಅದೇ ನಗರದಲ್ಲಿ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಪರೀಕ್ಷಾಸಂಸ್ಥೆ ಹುಟ್ಟಿತು. ಮಹಾಯುದ್ಧಗಳನ್ನು ಕಂಡ ಒಂದು ತಲೆಮಾರಿನ ಪ್ರಾರ್ಥನೆ ಅದರ ಹಿಂದಿತ್ತು ಎಂದರೂ ಸಲ್ಲುತ್ತದೆ. ಬೇರೆಯ ಜನರೂ ತಮ್ಮ ಬೇರೆತನದಲ್ಲಿಯೇ ಸರಿಯಾಗಿರಬಹುದೆಂದು ಮಕ್ಕಳು ಅರಿಯಬೇಕೆಂಬುದನ್ನು ಆ ಸಂಸ್ಥೆ ಇಂದಿಗೂ ತನ್ನ ಧ್ಯೇಯದಲ್ಲಿ ಹೇಳಿಕೊಳ್ಳುತ್ತದೆ. ಇನ್ನೊಂದು ಮೂಲ ನಮಗೆ ಹತ್ತಿರದ್ದು: ಮಿಷನರಿಗಳ ಮಕ್ಕಳ ಶಾಲೆಗಳು. ಮಸ್ಸೂರಿಯ ಬಳಿಯ ಲಂಡೋರಿನಲ್ಲಿರುವ ವುಡ್‌ಸ್ಟಾಕ್ 1854ರದು. ಈಗ ಊಟಿಯಲ್ಲಿರುವ ಹೆಬ್ರನ್ 1899ರಲ್ಲಿ ಕೂನೂರಿನಲ್ಲಿ ಆರಂಭವಾಯಿತು. ಕೊಡೈಕನಾಲಿನ ಶಾಲೆ 1901ರಲ್ಲಿ ಹೈಕ್ಲರ್ಕ್ ಎಂಬ ಹೆಸರಿನಲ್ಲಿ ತೆರೆಯಿತು. ಬಯಲು ಸೀಮೆಯಲ್ಲಿ ಸುವಾರ್ತೆ ಸಾರುವವರು ತಮ್ಮ ಮಕ್ಕಳನ್ನು ಅದೇ ಬಯಲಿನ ಮಕ್ಕಳಿಂದ ದೂರ ಬೆಟ್ಟದ ಮೇಲೆ ಓದಿಸಿದರೆಂಬುದು ನಮ್ಮ ಮಿಷನ್ ಚರಿತ್ರೆಯ ಮುಜುಗರಗಳಲ್ಲಿ ಒಂದು. ಆದರೆ ಆ ಮಕ್ಕಳ ಅವಸ್ಥೆಯೂ ಸುಲಭವಾಗಿರಲಿಲ್ಲ. 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದ ಜಾನ್ ಯೂಸೀಮ್ ಮತ್ತು ರೂತ್ ಹಿಲ್ ಯೂಸೀಮ್ ದಂಪತಿಗಳು, ತಂದೆತಾಯಿಗಳ ನಾಡಿಗೂ ಸೇರದ, ತಾವು ಬೆಳೆದ ನಾಡಿಗೂ ಪೂರ್ತಿ ಸೇರದ ಒಂದು ನಡುವಣ ಬದುಕನ್ನು ಗುರುತಿಸಿ ಅದಕ್ಕೆ ಮೂರನೆಯ ಸಂಸ್ಕೃತಿ ಎಂದು ಹೆಸರಿಟ್ಟರು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಈ ಪರಿಕಲ್ಪನೆ ಮೊಳೆತದ್ದು ನಮ್ಮ ದೇಶದಲ್ಲಿ.

ಈಗ ಚಿತ್ರ ಬದಲಾಗಿದೆ. ಅಂತರರಾಷ್ಟ್ರೀಯ ಶಾಲೆಗಳ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಆಯಾ ದೇಶದ ಸ್ಥಿತಿವಂತರ ಮಕ್ಕಳೇ. ಉಪಾಧ್ಯಾಯರಲ್ಲಿ ಮಾತ್ರ ಅನೇಕ ಶಾಲೆಗಳಲ್ಲಿ ಎರಡು ಪಂಕ್ತಿ: ಹೊರದೇಶದಿಂದ ನೇಮಕಗೊಂಡವರು, ಸ್ಥಳೀಯವಾಗಿ ನೇಮಕಗೊಂಡವರು. ಸಂಬಳ, ವಸತಿ, ವಿಮಾನಪ್ರಯಾಣದ ವೆಚ್ಚ ಎಲ್ಲದರಲ್ಲಿಯೂ ಆ ಎರಡು ಪಂಕ್ತಿಗಳು ಬೇರೆ. ಒಪ್ಪಂದಗಳು ಸಾಮಾನ್ಯವಾಗಿ ಅಲ್ಪಾವಧಿಯವು. ಕೊಲ್ಲಿ ದೇಶಗಳಲ್ಲಂತೂ ವಾಸದ ಪರವಾನಗಿಯೇ ಉದ್ಯೋಗಕ್ಕೆ ಕಟ್ಟಿಕೊಂಡಿರುತ್ತದೆ, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಊಟದ ಮೇಜಿನ ಭೇದವನ್ನು ಕುರಿತು ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಎದುರಿಸಿದ್ದನ್ನು ನಾವು ಬೋಧಿಸುತ್ತೇವೆ; ಸಂಬಳದ ಪಟ್ಟಿಯೂ ಒಂದು ಮೇಜೆಂಬುದು ನಮಗೆ ಬೇಗ ಹೊಳೆಯುವುದಿಲ್ಲ.

ಇನ್ನು ಪದದ ವಿಷಯ. ಇಂಗ್ಲಿಷಿನಲ್ಲಿ ಶಿಕ್ಷಣಶಾಸ್ತ್ರಜ್ಞರು ವಲ್ನರಬಿಲಿಟಿ ಎನ್ನುವುದನ್ನು ಕನ್ನಡದಲ್ಲಿ ದುರ್ಬಲತೆ ಎಂದುಬಿಡುವುದು ವಾಡಿಕೆ. ಅದು ಸಾಲದು. ಆ ಪದದ ಬೇರು ಗಾಯ ಎಂಬರ್ಥದ ಲ್ಯಾಟಿನ್ ಶಬ್ದ. ಗಾಯವಾಗಬಲ್ಲ ಸ್ಥಿತಿ ಎಂಬುದು ಅದರ ಮೂಲಾರ್ಥ. ದುರ್ಬಲನಿಗೆ ಬಲವಿಲ್ಲ. ಗಾಯಕ್ಕೆ ತೆರೆದುಕೊಂಡವನಿಗೆ ಬಲ ಇದ್ದರೂ ಇರಬಹುದು, ಆದರೆ ಕವಚವಿಲ್ಲ. ಈ ಭೇದವನ್ನು ಉಳಿಸಿಕೊಳ್ಳಲೆಂದು ಈ ಲೇಖನದಲ್ಲಿ ತೆರೆದಿರುವಿಕೆ ಎಂಬ ಮಾತನ್ನು ಬಳಸುತ್ತಿದ್ದೇವೆ. ಇದೂ ತೃಪ್ತಿಕರವಲ್ಲ, ಇದಕ್ಕಿಂತ ಒಳ್ಳೆಯ ಪದ ಸಿಕ್ಕವರು ದಯವಿಟ್ಟು ಬಳಕೆಗೆ ತರಲಿ.

ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದ ಗೇರ್ಟ್ ಕೆಲ್ಟರ್‌ಮನ್ಸ್ ಎಂಬ ಶಿಕ್ಷಣಶಾಸ್ತ್ರಜ್ಞರು 1990ರ ದಶಕದಿಂದ ಈ ವಿಷಯವನ್ನು ಕುರಿತು ಬರೆದಿದ್ದಾರೆ. ಅವರ ಮುಖ್ಯವಾದ ಮಾತು ಇದು: ಉಪಾಧ್ಯಾಯರ ತೆರೆದಿರುವಿಕೆ ಮೊದಲಿಗೆ ಒಂದು ಭಾವನೆಯಲ್ಲ, ಅದು ಆ ವೃತ್ತಿಯ ರಚನೆಯಲ್ಲಿಯೇ ಇದೆ. ತಾನು ಯಾವ ನಿಯಮಗಳ ಅಡಿಯಲ್ಲಿ ಪಾಠ ಹೇಳಬೇಕೆಂಬುದನ್ನು ಉಪಾಧ್ಯಾಯನು ನಿರ್ಧರಿಸುವುದಿಲ್ಲ. ಮಗು ಕಲಿತರೆ ಅದು ತನ್ನಿಂದಲೇ ಎಂದು ಅವನು ಸಾಧಿಸಿ ತೋರಿಸಲಾರ. ಕಲಿಯದಿದ್ದರೆ ತನ್ನಿಂದಲ್ಲವೆಂದೂ ಸಾಧಿಸಲಾರ. ಇವೆಲ್ಲಕ್ಕಿಂತ ಆಳವಾದದ್ದೆಂದರೆ, ತರಗತಿಯಲ್ಲಿ ಕ್ಷಣಕ್ಷಣಕ್ಕೂ ಈ ಮಗುವಿಗೆ ಈಗ ಯಾವುದು ಒಳ್ಳೆಯದೆಂದು ಅವನು ತೀರ್ಮಾನಿಸಲೇಬೇಕು, ಆದರೆ ಆ ತೀರ್ಮಾನವನ್ನು ಅಲ್ಲಗಳೆಯಲಾಗದಂತೆ ನಿಲ್ಲಿಸುವ ಗಟ್ಟಿ ನೆಲ ಅವನ ಕಾಲಡಿಯಲ್ಲಿಲ್ಲ. ಸಭಾಪಾಲನೆಯಲ್ಲಿ ಹತ್ತು ವರ್ಷ ಕಳೆದವರಿಗೆ ಇದು ಹೊಸ ಸಂಗತಿಯಾಗಿ ತೋರದು. ಪ್ರಸಂಗ ಯಾರಿಗೆ ತಟ್ಟಿತು, ಯಾರಿಗೆ ತಟ್ಟಲಿಲ್ಲ, ಯಾಕೆ ಎಂಬುದನ್ನು ನಮ್ಮಲ್ಲಿ ಯಾರು ಬಲ್ಲರು?

ಈ ವಾದದಿಂದ ಒಂದು ಪ್ರಯೋಜನವಿದೆ. ತೆರೆದಿರುವಿಕೆ ವೃತ್ತಿಯ ರಚನೆಯಲ್ಲಿಯೇ ಇರುವುದಾದರೆ, ಅದನ್ನು ತೊಡೆದುಹಾಕುವ ಮಾತೇ ಇಲ್ಲ. ಮುಚ್ಚಿಡಬಹುದು, ಇಲ್ಲವೇ ಒಪ್ಪಿಕೊಳ್ಳಬಹುದು, ಅಷ್ಟೇ. ಮುಚ್ಚಿಡುವ ಉಪಾಧ್ಯಾಯರು ನಮಗೆಲ್ಲ ಪರಿಚಿತರು. ಗುರುವೆಂದರೆ ಎಲ್ಲವನ್ನೂ ಬಲ್ಲವನೆಂಬ ಭಾವನೆ ನಮ್ಮ ನಾಡಿನಲ್ಲಿ ಬಲವಾಗಿರುವುದರಿಂದ ತರಗತಿಯಲ್ಲಿ "ಗೊತ್ತಿಲ್ಲ" ಎಂದ ಉಪಾಧ್ಯಾಯರನ್ನು ಮಕ್ಕಳಿಗಿಂತ ಮೊದಲು ಪೋಷಕರೇ ಕೈಬಿಡುತ್ತಾರೆ. ಹಲವು ಸಂಸ್ಕೃತಿಗಳ ಮಕ್ಕಳು ಕೂಡಿರುವ ತರಗತಿಯಲ್ಲಿ ಈ ಮುಚ್ಚುವಿಕೆಗೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಅರಿಯದಿರುವುದು ಅಪವಾದವಲ್ಲ, ದಿನನಿತ್ಯದ ಸ್ಥಿತಿ.

ಪರಸಂಸ್ಕೃತಿಯ ಅರಿವು ಹೇಗೆ ಬೆಳೆಯುತ್ತದೆಂಬುದರ ಬಗ್ಗೆ ಮಿಲ್ಟನ್ ಬೆನೆಟ್ ಎಂಬವರು 1986ರಲ್ಲಿ ಮಂಡಿಸಿದ ಒಂದು ಮಾದರಿ ಪ್ರಸಿದ್ಧವಾಗಿದೆ. ಬೇರೆತನವನ್ನು ಕಾಣದಿರುವುದರಿಂದ ಹೊರಟು ಅದರ ವಿರುದ್ಧ ತನ್ನದನ್ನು ಕಾಯ್ದುಕೊಳ್ಳುವುದು, ಅದನ್ನು ಅಲ್ಪವೆಂದು ಎಣಿಸುವುದು, ಒಪ್ಪುವುದು, ಅದಕ್ಕೆ ಹೊಂದಿಕೊಳ್ಳುವುದು, ಕಡೆಗೆ ಅದನ್ನು ತನ್ನ ವ್ಯಕ್ತಿತ್ವದಲ್ಲಿ ಬೆರೆಸಿಕೊಳ್ಳುವುದು ಎಂಬಂತೆ ಅದು ಸಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯರು ಬೆಳೆಯುತ್ತಾರೆಂಬುದನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಒಂದು ಸೆಮಿನರಿಯ ಹಾಸ್ಟೆಲಿನಲ್ಲಿ ಒಂದೇ ದಿನ ಎಲ್ಲ ಮೆಟ್ಟಿಲುಗಳನ್ನೂ ಏರಿ ಇಳಿಯುವವರನ್ನು ಕಂಡಿದ್ದೇವೆ. ಆದರೆ ಮೂರನೆಯ ಮೆಟ್ಟಿಲು, ಭೇದವನ್ನು ಅಲ್ಪವಾಗಿ ಎಣಿಸುವುದು, ಕ್ರೈಸ್ತರಾದ ನಮಗೆ ನಿಜವಾದ ಎಚ್ಚರಿಕೆ. ನಾವೆಲ್ಲರೂ ಒಂದೇ, ದೇವರ ಮುಂದೆ ಯಾವ ಭೇದವೂ ಇಲ್ಲ ಎಂದು ಗಲಾತ್ಯ 3:28ನ್ನು ಹಿಡಿದು ಹೇಳುವಾಗ ನಮ್ಮ ಬಾಯಲ್ಲಿ ಬರುವ ಆ ಒಂದು ಎಂಬುದು ಎಷ್ಟೋ ಬಾರಿ ನಮ್ಮ ಮನೆಯ ರೂಢಿಯೇ ಆಗಿರುತ್ತದೆ. ಕೊರಿಯಾದ ಆ ಹುಡುಗನಿಗೆ, ತಂದೆಯ ಪ್ರೀತಿ ಎಲ್ಲೆಡೆಯೂ ಒಂದೇ ಕಣಪ್ಪಾ ಎಂದು ಹೇಳಿ ಕೂರಿಸಿಬಿಡುವುದು ಬಲು ಸುಲಭವಿತ್ತು. ಹಾಗೆ ಹೇಳಿದ್ದರೆ ಸಾಮ್ಯದ ಒಂದು ವಚನ ಇಡೀ ತರಗತಿಗೆ ಮರೆಯಾಗಿಯೇ ಉಳಿಯುತ್ತಿತ್ತು.

ಮೈಕೆಲ್ ಬೈರಮ್ ಅವರು 1997ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದಕ್ಕೆ ಹೋಗುತ್ತಾರೆ. ಪರಸಂಸ್ಕೃತಿಯನ್ನು ಅರಿಯಬೇಕೆನ್ನುವವನು ಇತರರ ಸಂಸ್ಕೃತಿಯ ಮೇಲಿನ ತನ್ನ ಅಪನಂಬಿಕೆಯನ್ನು ಮಾತ್ರವಲ್ಲ, ತನ್ನ ಸಂಸ್ಕೃತಿಯ ಮೇಲಿನ ನಂಬಿಕೆಯನ್ನೂ ತಾತ್ಕಾಲಿಕವಾಗಿ ಬದಿಗಿಡಲು ಸಿದ್ಧನಿರಬೇಕೆಂದು ಅವರ ಅಭಿಪ್ರಾಯ. ಇದನ್ನು ಓದಿಸಿದಾಗ ನಮ್ಮ ವಿದ್ಯಾರ್ಥಿಗಳು ಬೆಚ್ಚುತ್ತಾರೆ. ನಂಬಿಕೆಯನ್ನು ಬದಿಗಿಟ್ಟ ಚಾಪ್ಲಿನ್ ಎಂಥ ಚಾಪ್ಲಿನ್? ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯವನ್ನು ನಾವು ಮುಂದಿಡುತ್ತೇವೆ. ಯೊಪ್ಪದ ಮಾಳಿಗೆಯ ಮೇಲೆ ಪೇತ್ರನು ದರ್ಶನಕ್ಕೆ ಪ್ರತಿಯಾಗಿ ಒಲ್ಲೆನೆಂದದ್ದು ಅವಿಶ್ವಾಸದಿಂದಲ್ಲ, ಭಕ್ತಿಯಿಂದ. ದೇವರ ಆಜ್ಞೆಯನ್ನು ಕಾಯುತ್ತೇನೆಂದೇ ಆತನು ದೇವರಿಗೆ ಇಲ್ಲವೆಂದನು. ಕೊರ್ನೇಲ್ಯನ ಮನೆಯಲ್ಲಿ ಆತನು ಬಾಯಿ ತೆರೆದಾಗ ಮೊದಲು ಹೇಳಿದ್ದು, ತನಗೆ ಈಗ ಒಂದು ಸಂಗತಿ ನಿಜವಾಗಿ ಗೊತ್ತಾಯಿತು ಎಂಬುದನ್ನು. ಸಾರಲು ಹೋದ ಅಪೊಸ್ತಲನು ಕಲಿತದ್ದನ್ನು ಒಪ್ಪಿಕೊಂಡು ಮಾತು ಆರಂಭಿಸಿದನು. ಆತನು ಬದಿಗಿಟ್ಟದ್ದು ಕ್ರಿಸ್ತನಲ್ಲಿಟ್ಟ ನಂಬಿಕೆಯನ್ನಲ್ಲ. ಯಾರು ಶುದ್ಧರು, ಯಾರ ಮನೆಯ ಹೊಸಿಲು ದಾಟಬಹುದು ಎಂಬ ತನ್ನ ಎಣಿಕೆಯನ್ನು.

ಇನ್ನೂ ಕಠಿಣವಾದ ಭಾಗ ಮಾರ್ಕ 7:24-30. ಇದರ ಮೇಲೆ ಪ್ರಸಂಗ ಮಾಡಲು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಕರ್ತನು ತೂರ್ ಪ್ರಾಂತಕ್ಕೆ ಹೋಗಿ ಯಾರಿಗೂ ತಿಳಿಯದಂತೆ ಒಂದು ಮನೆಯಲ್ಲಿರಲು ಬಯಸುತ್ತಾನೆ. ಮಗಳಿಗಾಗಿ ಬಂದ ಅನ್ಯಜನಾಂಗದ ತಾಯಿಗೆ ಮಕ್ಕಳ ರೊಟ್ಟಿಯ ಮಾತನ್ನೂ ನಾಯಿಮರಿಗಳ ಮಾತನ್ನೂ ಹೇಳುತ್ತಾನೆ. ಆಕೆ ಆ ರೂಪಕವನ್ನು ತಳ್ಳಿಹಾಕದೆ ಅದರೊಳಗೇ ಹೊಕ್ಕು ಅದನ್ನು ತಿರುಗಿಸುತ್ತಾಳೆ: ಮೇಜಿನ ಕೆಳಗೆ ಬೀಳುವ ತುಣುಕುಗಳೂ ಇವೆಯಲ್ಲ. ಮತ್ತಾಯನು 15ನೆಯ ಅಧ್ಯಾಯದಲ್ಲಿ ಇದೇ ಸಂಗತಿಯನ್ನು ಹೇಳುವಾಗ ಕರ್ತನು ಆಕೆಯ ನಂಬಿಕೆಯನ್ನು ಮೆಚ್ಚುತ್ತಾನೆ. ಮಾರ್ಕನಲ್ಲಿ ಹಾಗಿಲ್ಲ. ಅಲ್ಲಿ ಆಕೆ ಆಡಿದ ಮಾತಿನ ನಿಮಿತ್ತ ಮಗಳು ಬಿಡುಗಡೆ ಹೊಂದುತ್ತಾಳೆ. ಗ್ರೀಕ್ ಮೂಲದಲ್ಲಿ ಆ ಮಾತಿಗೆ ಇರುವ ಶಬ್ದ ಲೋಗೋಸ್. ಗುರುವಿಗೆ ಪ್ರತಿಯಾಗಿ ಶಿಷ್ಯಳೂ ಅಲ್ಲದ ಪರದೇಶದ ಹೆಂಗಸು ಆಡಿದ್ದನ್ನು ಸುವಾರ್ತಿಕನು ಅಷ್ಟು ತೂಕದ ಶಬ್ದದಿಂದ ಕರೆದಿದ್ದಾನೆ. ಕರ್ತನು ಇಲ್ಲಿ ಕಲಿತನೇ, ಆಕೆಯ ನಂಬಿಕೆಯನ್ನು ಹೊರಗೆ ತರಲೆಂದು ಪರೀಕ್ಷಿಸಿದನೇ ಎಂಬುದು ಹಳೆಯ ಚರ್ಚೆ. ಕ್ರಿಸ್ತಶಾಸ್ತ್ರದ ದೃಷ್ಟಿಯಿಂದ ಬೇರೆ ಬೇರೆ ಸಭೆಗಳು ಬೇರೆ ಬೇರೆಯಾಗಿ ಹೇಳುತ್ತವೆ. ನಾವು ಅದನ್ನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ಒಂದು ಉಳಿಯುತ್ತದೆ: ಕರ್ತನು ತನ್ನ ಮಾತಿನ ಮೇಲೆ ಇನ್ನೊಬ್ಬರ ಮಾತು ನಿಲ್ಲುವುದಕ್ಕೆ ಎಡೆಕೊಟ್ಟನು, ಅದೂ ಬೇರೆಯವರ ಎದುರಿನಲ್ಲಿ ಬರೆದಿಡುವಂತೆ.

ಈ ಭಾಗದ ಬಗ್ಗೆ ಜರ್ಮನ್ ವಿದ್ವಾಂಸ ಗೆರ್ಡ್ ಥೈಸನ್ ಅವರು ಎತ್ತಿ ತೋರಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ತೂರ್ ಶ್ರೀಮಂತ ಬಂದರುಪಟ್ಟಣ. ಅದಕ್ಕೆ ಧಾನ್ಯ ಹೋಗುತ್ತಿದ್ದುದು ಗಲಿಲಾಯದ ಹಿನ್ನಾಡಿನಿಂದ. ಬೆಳೆದವರ ಮಕ್ಕಳು ಹಸಿದಿರುವಾಗ ಕೊಂಡವರ ಮೇಜು ತುಂಬಿರುತ್ತಿತ್ತು. ಆ ಸ್ತ್ರೀಯನ್ನು ಮಾರ್ಕನು ಗ್ರೀಕಳೆನ್ನುವುದರಿಂದ ಆಕೆ ಆ ಪಟ್ಟಣದ ಮೇಲ್ವರ್ಗದವಳೇ ಇರಬಹುದೆಂದು ಥೈಸನ್ ಊಹಿಸುತ್ತಾರೆ. ಹಾಗಾದರೆ ರೊಟ್ಟಿಯ ಮಾತಿಗೆ ಬೇರೆ ಕಾವು ಬರುತ್ತದೆ. ಜನಾಂಗದ ಲೆಕ್ಕದಲ್ಲಿ ಆಕೆ ಹೊರಗಿನವಳು, ಹಣದ ಲೆಕ್ಕದಲ್ಲಿ ಕರ್ತನೇ ಹೊರಗಿನವನು. ಅಂತರರಾಷ್ಟ್ರೀಯ ಶಾಲೆಯ ಸ್ಥಳೀಯ ಉಪಾಧ್ಯಾಯರ ಸ್ಥಿತಿ ಇದಕ್ಕೆ ಹತ್ತಿರ. ಮೇಜಿನ ಈಚೆ ನಿಂತು ಅಂಕ ಕೊಡುವವರು ಅವರು. ಅವರ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚಿನ ಶುಲ್ಕ ತೆತ್ತು ಕುಳಿತವರು ಮಕ್ಕಳು. ಅಧಿಕಾರ ಒಂದೇ ಕಡೆ ಇಲ್ಲ. ಗುರು ಬಲಿಷ್ಠ, ಶಿಷ್ಯ ಬಲಹೀನ, ಆದ್ದರಿಂದ ಗುರು ತಗ್ಗಬೇಕು ಎಂಬ ಸರಳ ಸೂತ್ರ ಇಂಥ ತರಗತಿಯಲ್ಲಿ ಅರ್ಧ ಮಾತ್ರ ನಿಜ.

ಹೀಗೆ ನಾವು ಸಹೋದರಿಯವರ ಪ್ರಶ್ನೆಗೆ ಬಂದೆವು. ಫಿಲಿಪ್ಪಿ 2ರಲ್ಲಿ ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡದ್ದನ್ನು ದೈವಶಾಸ್ತ್ರವು ಕೆನೋಸಿಸ್ ಎನ್ನುತ್ತದೆ. ಶಿಕ್ಷಣದ ಬಗ್ಗೆ ಬರೆಯುವ ಕ್ರೈಸ್ತರು ಉಪಾಧ್ಯಾಯರ ತೆರೆದಿರುವಿಕೆಗೆ ಇದನ್ನೇ ಆಧಾರವಾಗಿ ತರುತ್ತಾರೆ. ಆದರೆ ಬ್ರಿಟಿಷ್ ಚಿಂತಕಿ ಡ್ಯಾಫ್ನಿ ಹ್ಯಾಂಪ್ಸನ್ ಇದಕ್ಕೆ ತೀಕ್ಷ್ಣವಾದ ಆಕ್ಷೇಪಣೆ ಎತ್ತಿದರು. ಬರಿದುಮಾಡಿಕೊಳ್ಳುವುದು ಅಧಿಕಾರದಿಂದ ತುಂಬಿದವರಿಗೆ, ಎಂದರೆ ಚರಿತ್ರೆಯಲ್ಲಿ ಬಹುಮಟ್ಟಿಗೆ ಗಂಡಸರಿಗೆ, ತಕ್ಕ ಔಷಧವಾಗಿರಬಹುದು. ಎಂದಿನಿಂದಲೂ ಬರಿದಾಗಿಯೇ ಇರಿಸಲ್ಪಟ್ಟವರಿಗೆ ಅದೇ ಔಷಧವನ್ನು ಕುಡಿಸುವುದೇಕೆ ಎಂಬುದು ಅವರ ವಾದದ ತಿರುಳು. ಸಾರಾ ಕೋಕ್ಲಿ ಅವರು 1996ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಡುತ್ತ, ದೇವರ ಮುಂದೆ ಮೌನವಾಗಿ ಪ್ರಾರ್ಥನೆಯಲ್ಲಿ ತೆರೆದುಕೊಳ್ಳುವುದು ಬೇರೆ, ಮನುಷ್ಯರ ದಬ್ಬಾಳಿಕೆಗೆ ಒಡ್ಡಿಕೊಳ್ಳುವುದು ಬೇರೆ, ಮೊದಲನೆಯದು ಎರಡನೆಯದನ್ನು ಎದುರಿಸುವ ಬಲವನ್ನೇ ಕೊಡಬಲ್ಲದು ಎಂದು ವಾದಿಸಿದರು. ನಮಗೆ ಕೋಕ್ಲಿಯವರ ಮಾತು ಒಪ್ಪಿಗೆ. ಆದರೆ ಹ್ಯಾಂಪ್ಸನ್ ಅವರ ಪ್ರಶ್ನೆಯನ್ನು ಅದು ಮುಗಿಸಿಬಿಟ್ಟಿತೆಂದು ನಾವು ಹೇಳೆವು.

ನಮ್ಮ ನೆಲದಲ್ಲಿಯೇ ಈ ಪ್ರಶ್ನೆ ಬೇರೊಂದು ಬಾಗಿಲಿನಿಂದ ಬಂದಿತ್ತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರದ ಕಥೆ ಆರಂಭವಾಗುತ್ತದೆಂದು ನಾವು ಓದಿದ್ದೇವೆ. ಸಿದ್ಧಾಂತಕ್ಕಿಂತಲೂ ಕಾರ್ಯಕ್ಕಿಂತಲೂ ಮೊದಲು ಬರುವುದು ನೋವಿನ ಅನುಭವವೆಂದು ಅವರು ಮುಂದೆ ಬರೆದರು. ಅವರ ಅರ್ಥದಲ್ಲಿ ನೋವು ಆರಿಸಿಕೊಂಡ ಸದ್ಗುಣವಲ್ಲ, ಹೊರಿಸಲ್ಪಟ್ಟದ್ದು. ಆದರೂ ದೇವರನ್ನು ಅರಿಯುವ ಎಡೆ ಅದು. ಗಾಯದ ಬಗ್ಗೆ ಮಾತಾಡುವಾಗ ಗಾಯ ಮಾಡಿದವರು ಯಾರೆಂಬುದನ್ನು ಮರೆಯದಿರಲು ಇದು ನೆರವಾಗುತ್ತದೆ. ಆ ವಸತಿಶಾಲೆಯ ಇಬ್ಬರು ಉಪಾಧ್ಯಾಯರೂ ಆಡಿದ ಮಾತು ಒಂದೇ. ಒಬ್ಬರಿಗೆ ಅದು ಕೆನೋಸಿಸ್, ಇನ್ನೊಬ್ಬರಿಗೆ ವರದಿಯಲ್ಲಿ ಒಂದು ಕಪ್ಪುಗುರುತು. ಕವಚವಿದ್ದವನು ಕವಚ ಕಳಚಿದರೆ ನೋಡುವವರು ಬೆರಗಾಗುತ್ತಾರೆ. ಇಲ್ಲದವಳು ನಿಂತಿದ್ದರೆ ಅವಳಿಗೆ ಕವಚವಿಲ್ಲವೆಂದಷ್ಟೇ ಬರೆದುಕೊಳ್ಳುತ್ತಾರೆ.

ಆದುದರಿಂದ ಉಪಾಧ್ಯಾಯರೇ, ತೆರೆದುಕೊಳ್ಳಿರಿ ಎಂದು ಬರಿದೆ ಪ್ರಸಂಗ ಮಾಡುವುದನ್ನು ನಾವು ನಿಲ್ಲಿಸಬೇಕೆಂದು ಭಾವಿಸುತ್ತೇವೆ. ಆ ಮಾತು ಮೊದಲು ಹೋಗಬೇಕಾದದ್ದು ಮುಖ್ಯೋಪಾಧ್ಯಾಯರಿಗೂ ಆಡಳಿತ ಮಂಡಳಿಗೂ. ಪರಿವೀಕ್ಷಣೆಯ ನಮೂನೆಯಲ್ಲಿ ಅರಿಯದ್ದನ್ನು ಒಪ್ಪಿಕೊಂಡದ್ದಕ್ಕೆ ಎಲ್ಲಿ ಸ್ಥಳವಿದೆ? ಒಂದು ವರ್ಷದ ಒಪ್ಪಂದದವರಿಗೂ ಮೂರು ವರ್ಷದ ಒಪ್ಪಂದದವರಿಗೂ ಅದನ್ನು ಒಂದೇ ಅಳತೆಯಲ್ಲಿ ಅಳೆಯಲಾಗುತ್ತಿದೆಯೇ? ಇಂಥ ಶಾಲೆಗಳ ಮಂಡಳಿಗಳಲ್ಲಿ ಕುಳಿತಿರುವ ಬಿಷಪ್ಪರೂ ಸಭಾಪಾಲಕರೂ ಇದನ್ನು ಕೇಳಬಹುದು. ಕೇಳಲು ಶಿಕ್ಷಣಶಾಸ್ತ್ರದ ಪದವಿ ಬೇಕಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ತೆರೆದಿರುವಿಕೆಯ ಹೆಸರಿನಲ್ಲಿ ತಮ್ಮ ಮನೆಯ ದುಃಖವನ್ನು, ಸಂಶಯಗಳನ್ನು ಮಕ್ಕಳ ಮುಂದೆ ಸುರಿಯುವ ಉಪಾಧ್ಯಾಯರೂ ಇದ್ದಾರೆ. ಮನೆಯಿಂದ ದೂರ ವಸತಿನಿಲಯದಲ್ಲಿರುವ ಹದಿನಾಲ್ಕು ವರ್ಷದ ಮಗು ದೊಡ್ಡವರ ಹೊರೆ ಹೊರುವ ಪಾಪನಿವೇದನೆಯ ಪೀಠವಲ್ಲ. ತನಗೆ ತಿಳಿಯದ್ದನ್ನು ತಿಳಿಯದೆನ್ನುವುದು, ತಪ್ಪಿದಾಗ ಕ್ಷಮೆ ಕೇಳುವುದು, ಮಗುವಿನ ಮಾತಿನಿಂದ ತನ್ನ ಅಭಿಪ್ರಾಯ ಬದಲಾದರೆ ಅದನ್ನು ಮುಚ್ಚದಿರುವುದು: ತರಗತಿಯಲ್ಲಿ ಇಷ್ಟು ಸಾಕು. ಉಳಿದದ್ದಕ್ಕೆ ಸಹೋದ್ಯೋಗಿಗಳಿದ್ದಾರೆ, ಸಭಾಪಾಲಕರಿದ್ದಾರೆ. ಇರಬೇಕು.

ನಮ್ಮ ಕರಾವಳಿಯ ಚರಿತ್ರೆಯಲ್ಲಿ ಇದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಹರ್ಮನ್ ಮೋಗ್ಲಿಂಗ್ ಅವರು ತಮ್ಮ ವಿದ್ಯಾರ್ಥಿಗಳೊಂದಿಗೆ ಒಂದೇ ಕುಟುಂಬದಂತೆ ಬಾಳಿದರೆಂಬುದನ್ನೂ 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದರೆಂಬುದನ್ನೂ ಎಲ್ಲರೂ ಬಲ್ಲರು. ನಮಗೆ ಇಲ್ಲಿ ಬೇಕಾದದ್ದು ಅವರ ಶಿಷ್ಯ ಆನಂದರಾವ್ ಕೌಂಡಿನ್ಯರ ಕಥೆ. 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲ್‌ಗೆ ಹೋಗಿ ಅಲ್ಲಿಯ ಸೆಮಿನರಿಯಲ್ಲಿ ಓದಿ, 1851ರಲ್ಲಿ ಅಭಿಷಿಕ್ತರಾಗಿ ಮರಳಿದವರು ಅವರು. ಬಂದ ಮೇಲೆ ಮಂಗಳೂರಿನ ಸೆಮಿನರಿಯಲ್ಲಿ ತಾವೇ ಬೋಧಕರಾದರು. ಒಂದು ದೇಶದವನು ಇನ್ನೊಂದು ದೇಶದಲ್ಲಿ ಕಲಿಸಿದ್ದಷ್ಟೇ ಅಲ್ಲ, ಕಲಿತವನು ಅದೇ ಮೇಜಿನ ಇನ್ನೊಂದು ಬದಿಗೆ ಬಂದು ಕುಳಿತದ್ದು. ಮೋಗ್ಲಿಂಗ್ ತಗ್ಗಿದ್ದನ್ನು ನಾವು ಸ್ಮರಣೆಯ ಭಾಷಣಗಳಲ್ಲಿ ಹೊಗಳುತ್ತೇವೆ. ಮನೆತನವನ್ನೂ ಜಾತಿಯನ್ನೂ ನಂಟರನ್ನೂ ಕಳೆದುಕೊಂಡು ಪರದೇಶದ ಚಳಿಯಲ್ಲಿ ಪರಭಾಷೆಯಲ್ಲಿ ಓದಿದ ಕೌಂಡಿನ್ಯರು ತೆತ್ತ ಬೆಲೆಯ ಬಗ್ಗೆ ಅಷ್ಟು ಭಾಷಣಗಳಿಲ್ಲ.

ಥಾಯ್ಲೆಂಡಿನಲ್ಲಿ ಬೋಧಕರಾಗಿದ್ದ ಜಪಾನಿನ ಕೊಸುಕೆ ಕೊಯಾಮಾ ಅವರು 70ರ ದಶಕದಲ್ಲಿ ದಂಡೆತ್ತಿ ಹೋಗುವ ಮನಸ್ಸನ್ನೂ ಶಿಲುಬೆಗೇರಿದ ಮನಸ್ಸನ್ನೂ ಬೇರ್ಪಡಿಸಿ ಬರೆದರು. ಏಷ್ಯದ ಇನ್ನೊಂದು ದೇಶದಲ್ಲಿ ಪರಕೀಯರಾಗಿ ಬಾಳಿದ ಏಷ್ಯದವರೊಬ್ಬರು ಬರೆದ ಮಾತು ಅದು ಎಂಬುದು ಗಮನಾರ್ಹ. ಪರಸಂಸ್ಕೃತಿ ಎಂದೊಡನೆ ಬಿಳಿಯರನ್ನೂ ನಮ್ಮನ್ನೂ ಮಾತ್ರ ನೆನೆಯುವ ಚಟ ನಮ್ಮದು. ನಮ್ಮದೇ ಹಾಸ್ಟೆಲಿನಲ್ಲಿ ಮಿಜೋರಾಮಿನ ತಮ್ಮನ ಅಡುಗೆಯ ವಾಸನೆಗೆ ಮೂಗು ಮುಚ್ಚಿದವರು ಮರುವರ್ಷ ಅಂತರರಾಷ್ಟ್ರೀಯ ಶಾಲೆಗೆ ಅರ್ಜಿ ಹಾಕುವುದನ್ನು ಕಂಡಿದ್ದೇವೆ.

ಸಹೋದರಿಯವರಿಗೆ ನಾವು ಉತ್ತರ ಬರೆದೆವು. ತರಗತಿಯಲ್ಲಿ ಅವರು ಮಾಡಿದ್ದು ಸರಿಯೆಂದೂ, ಹಾಗೆ ಮಾಡಿದ್ದಕ್ಕೆ ಬೆಲೆ ತೆರಬೇಕಾದವರು ಅವರೊಬ್ಬರೇ ಆಗಬಾರದೆಂದೂ, ಮುಂದಿನ ಪರಿವೀಕ್ಷಣೆಗೆ ಮೊದಲೇ ಪಾಠದ ಯೋಜನೆಯಲ್ಲಿ ಇದನ್ನು ಬರೆದು ಕೊಡಬೇಕೆಂದೂ ತಿಳಿಸಿದೆವು. ಆ ಶಾಲೆಯ ಆಡಳಿತ ಮಂಡಳಿಯಲ್ಲಿ ನಮ್ಮ ಸಭೆಗಳ ಪ್ರತಿನಿಧಿಗಳಿರುವುದರಿಂದ ಅವರಿಗೂ ಒಂದು ಪತ್ರ ಹೋಗಿದೆ. ಇನ್ನೂ ಉತ್ತರ ಬಂದಿಲ್ಲ. ಸಹೋದರಿಯವರ ಒಪ್ಪಂದ ಮಾರ್ಚಿಯಲ್ಲಿ ಮುಗಿಯುತ್ತದೆ. ಈ ನಡುವೆ ಅವರು ಮತ್ತೊಂದು ಪತ್ರ ಬರೆದಿದ್ದಾರೆ. ಆ ಕೊರಿಯಾದ ಹುಡುಗ ತರಗತಿ ಮುಗಿದ ಮೇಲೆ ನಿಂತು, ತಂದೆ ಹೊರಗೆ ಬಂದು ಬೇಡಿಕೊಂಡ ಮೇಲೆ ಹಿರಿಯ ಮಗನು ಒಳಗೆ ಹೋದನೋ ಇಲ್ಲವೋ ಎಂದು ಕೇಳಿದನಂತೆ. ಲೂಕನು ಅದನ್ನು ಬರೆದಿಲ್ಲವೆಂದು ಅವರು ಹೇಳಿದರಂತೆ. "ಮಿಸ್, ಹಾಗಾದರೆ ನಿಮಗೂ ಗೊತ್ತಿಲ್ಲ" ಎಂದು ಅವನು ನಕ್ಕು ಆಟದ ಬಯಲಿಗೆ ಓಡಿದನು.